ಒಡ್ಡಿನ ಎರಡು ಮಗ್ಗುಲು



ಸ್ಮರಣ ಸಂಚಿಕೆಗೆ ಒಂದೆರಡು ಮಾತು ಬರೆದು ಕಳುಹಿಸಬೇಕೆಂದು ಹಿರಿಯರ ಅಪ್ಪಣೆಯಾದಾಗ ನನಗೆ ಮೊದಲು ನೆನಪಾದದ್ದು ಪುಸ್ತಕದ ಪಾಠವಲ್ಲ. ಶಾಲೆಯಿಂದ ಬಾದಾಮಿಗೆ ಹೋಗಿದ್ದ ಒಂದು ದಿನದ ವಿಹಾರ. ಅಗಸ್ತ್ಯತೀರ್ಥದ ಒಡ್ಡಿನ ಮೇಲೆ ಸಾಲಾಗಿ ಕುಳಿತು ನಾವು ಬುತ್ತಿಯ ಗಂಟು ಬಿಚ್ಚಿದ್ದೆವು. ಎದುರಿಗೆ ಕೆಂಪು ಬಂಡೆಗಳ ನೆರಳು ಹೊತ್ತ ನೀರು, ಆಚೆಯ ದಂಡೆಯಲ್ಲಿ ಭೂತನಾಥನ ಗುಡಿ. ಎಲ್ಲರ ಕಣ್ಣೂ ಅತ್ತಲೇ. ಆಗ ಭೂಗೋಲ ಕಲಿಸುವ ಬಾಯಿಯವರು, “ಮಕ್ಕಳೇ, ಈಗ ನೀರಿಗೆ ಬೆನ್ನು ಮಾಡಿ ಕುಳಿತುಕೊಳ್ಳಿರಿ. ಏನು ಕಾಣುತ್ತದೆ?” ಎಂದು ಕೇಳಿದರು. ಊರು ಕಾಣುತ್ತಿತ್ತು. “ಕೆರೆಯನ್ನು ನೋಡುವವರು ಒಡ್ಡಿನ ಎರಡೂ ಮಗ್ಗುಲು ನೋಡಬೇಕು,” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ನಾವು ನಕ್ಕು ಮತ್ತೆ ನೀರಿನ ಕಡೆಗೆ ತಿರುಗಿದೆವು. ಆ ಮಾತಿನ ಅರ್ಥವಾಗಲು ನನಗೆ ಬಹಳ ವರ್ಷಗಳು ಹಿಡಿದವು.

ಮದುವೆಯಾಗಿ ನಾನು ಹುನಗುಂದ ಸೀಮೆಯ ಒಂದು ಹಳ್ಳಿಗೆ ಬಂದೆನು. ನಮ್ಮ ಮಾವನವರು ಹೊಲದೊಳಗಿನ ಹಳ್ಳಕ್ಕೆ ಅಡ್ಡಲಾಗಿ ಸುಮಾರು ಹನ್ನೆರಡು ಅಡಿ ಎತ್ತರದ ಮಣ್ಣಿನ ಒಡ್ಡು ಹಾಕಿಸಿದ್ದರು. ಅದು ಬೆಳೆಗಾಗಿ ಕಟ್ಟಿದ್ದಲ್ಲ, ಮನಸ್ಸಂತೋಷಕ್ಕಾಗಿ ಕಟ್ಟಿದ್ದು. ನೀರಿನಲ್ಲಿ ಮೀನು ಬಿಟ್ಟರು. ಮಕ್ಕಳಿಗಾಗಿ ಸಣ್ಣ ದೋಣಿ ತರಿಸಿದರು. ನೆರಳಿಗೆಂದು ಒಡ್ಡಿನ ಮೇಲೆಯೇ ಬೇವಿನ ಸಸಿಗಳನ್ನು ನೆಟ್ಟರು. ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ತಂತಿಯ ಬಲೆಯನ್ನು ಹೊಂದಿಸಿದ್ದು ಮಾತ್ರ ನನ್ನ ಬುದ್ಧಿವಂತಿಕೆ. ಕೆಳಗೆ ಅರ್ಧ ಮೈಲಿನಾಚೆ, ಅದೇ ಹಳ್ಳದ ದಂಡೆಯಲ್ಲಿ, ಕೂಲಿಯವರ ಹತ್ತು ಮನೆಗಳಿದ್ದವು. ಅವನ್ನು ನಾವು ದಿನಾಲು ನೋಡುತ್ತಿದ್ದೆವು. ಆದರೆ ಕೆರೆಯೊಡನೆ ಸೇರಿಸಿ ಎಂದೂ ನೋಡಿರಲಿಲ್ಲ.

2009ನೆಯ ಇಸವಿಯ ಸಪ್ಟೆಂಬರ ಕೊನೆಗೆ ಉತ್ತರ ಕರ್ನಾಟಕವನ್ನೆಲ್ಲ ನೆರೆಯಲ್ಲಿ ಮುಳುಗಿಸಿದ ಮಳೆ ನಿಮಗೆ ನೆನಪಿರಬಹುದು. ಆ ಸಂಜೆ ಒಡ್ಡು ಕಟ್ಟಿದ ಮಣ್ಣುಗೆಲಸದ ಹಿರಿಯರೊಬ್ಬರು ಕಂಬಳಿ ಹೊದ್ದು ಬಾಗಿಲಿಗೆ ಬಂದರು. ಒಡ್ಡಿನ ಬುಡದಲ್ಲಿ ಎರಡು ವರ್ಷಗಳಿಂದ ನೀರು ಜಿನುಗುತ್ತಿದ್ದುದು ನಮಗೆ ಗೊತ್ತಿತ್ತು. ಅದನ್ನೇ ಹೇಳಿದೆನು. “ನೀರು ಬರೂದು ದೊಡ್ಡ ಮಾತಲ್ರೀ ಅಕ್ಕಾರ, ಅದರ ಬಣ್ಣ ನೋಡ್ರಿ,” ಎಂದು ಅವರು ಲೋಟವನ್ನು ಮುಂದೆ ಹಿಡಿದರು. ನೀರು ಕೆಸರಾಗಿತ್ತು. ತಿಳಿನೀರು ಜಿನುಗಿದರೆ ನೀರಷ್ಟೇ ಹೋಗುತ್ತದೆ. ಕೆಸರುನೀರು ಬಂದರೆ ಒಡ್ಡಿನ ಹೊಟ್ಟೆಯೊಳಗಿನ ಮಣ್ಣೇ ಹೋಗುತ್ತಿದೆಯೆಂದು ತಿಳಿಯಬೇಕು.

ಓಡಿಹೋಗಿ ನೋಡಿದರೆ ಬಲೆಗೆ ಕಸಕಡ್ಡಿ ಸಿಕ್ಕಿ ಕೋಡಿ ಕಟ್ಟಿಕೊಂಡಿತ್ತು. ನೀರು ಒಡ್ಡಿನ ನೆತ್ತಿಗೆ ಒಂದು ಗೇಣು ಕೆಳಗಿತ್ತು. ಮಣ್ಣಿನ ಒಡ್ಡಿನ ಮೇಲಿಂದ ನೀರು ಹರಿಯತೊಡಗಿದರೆ ಅದು ಉಳಿಯುವದು ದುರ್ಲಭ. ಗಂಡಸರು ಬಲೆಯನ್ನು ಕಿತ್ತೆಸೆದರು. ಹಿರಿಯರು ಸೋರುವ ಬಾಯಿಯನ್ನು ಮುಚ್ಚಗೊಡದೆ ಅದರ ಮೇಲೆ ಮೊದಲು ಉಸುಕು, ಆಮೇಲೆ ಗರಸು ಸುರಿಸಿದರು. ಹೀಗೆ ಮಾಡಿದರೆ ನೀರು ಹೊರಗೆ ಬಂದರೂ ಮಣ್ಣು ಒಳಗೇ ನಿಲ್ಲುವದು. ನಾನು ಕಂದೀಲು ಹಿಡಿದು ಆ ಹತ್ತು ಮನೆಗಳ ಬಾಗಿಲು ತಟ್ಟಿದೆನು. ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಳೆಯೊಳಗೆ ಹೊರಬಂದ ಒಬ್ಬ ತಾಯಿ, “ಇದು ನಿಮ್ಮ ಆಟದ ಕೆರೀನ ಏನ್ರಿ ಅವ್ವಾರ?” ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಡ್ಡು ಉಳಿಯಿತು, ಬೆಳಗಾಗುವದರೊಳಗೆ ನೀರು ಇಳಿಯಿತು.

ಮುಂದೆ ಓದಿ ತಿಳಿದುಕೊಂಡೆನು: ನಮ್ಮ ತಪ್ಪು ಹೊಸದಾಗಿರಲಿಲ್ಲ. ಅಮೇರಿಕೆಯ ಪೆನ್ಸಿಲ್ವೇನಿಯದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಶ್ರೀಮಂತರ ವಿಹಾರ ಕ್ಲಬ್ಬೊಂದರ ಕೈಯಲ್ಲಿತ್ತು. ಪುಸ್ತಕಾಲಯಗಳಿಗೆ ಕೊಡುಗೈಯಿಂದ ದಾನ ಮಾಡಿದ ಆಂಡ್ರೂ ಕಾರ್ನೆಗಿಯವರೂ ಅದರ ಸದಸ್ಯರು. ಗಾಡಿಗಳು ಓಡಾಡಲೆಂದು ಅದರ ನೆತ್ತಿಯನ್ನು ತಗ್ಗಿಸಿದ್ದರು. ಮೀನು ಹೋಗದಂತೆ ಕೋಡಿಗೆ ಜಾಲರಿ ಕಟ್ಟಿದ್ದರು. ತಳದಿಂದ ನೀರು ಬಿಡುವ ಕೊಳವೆಗಳನ್ನು ಹಿಂದಿನ ಒಡೆಯರೇ ತೆಗೆದುಹಾಕಿದ್ದರು. 1889ರ ಮೇ 31ರಂದು ಅದು ಒಡೆದು, 14 ಮೈಲು ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದ ಮೇಲೆ ಬಿದ್ದಿತು. 2,209 ಜನರು ಸತ್ತರು. ಜಾಲರಿಯ ಮಾತನ್ನು ಓದಿದಾಗ ನನ್ನ ಕೈ ನಡುಗಿತು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳುಂಟು. ಬೇಸಿಗೆಯಲ್ಲಿ ಎರೆಮಣ್ಣು ಬಿರಿಯುವದರಿಂದ ಮುಂಗಾರಿಗೆ ಮೊದಲೇ ಬಿರುಕುಗಳನ್ನು ಅಗೆದು, ಮಣ್ಣು ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡುವದು. ಹೆಗ್ಗಣದ ಬಿಲಗಳನ್ನು ಕೊನೆಯ ತನಕ ಅಗೆದು ಮುಚ್ಚುವದು. ಜಾಲಿಯನ್ನು ಸಸಿಯಿದ್ದಾಗಲೇ ಕೀಳುವದು, ಹುಲ್ಲನ್ನು ಮಾತ್ರ ಉಳಿಸುವದು. ಬೇವಿನ ಗಿಡಗಳನ್ನು ನೀರು ಬತ್ತಿದ ಕಾಲ ನೋಡಿ ಬೇರುಸಹಿತ ತೆಗೆಸಿದೆವು. ಬೇರು ಒಳಗೆ ಕೊಳೆತರೆ ಅದೇ ನೀರಿಗೆ ದಾರಿಯಾಗುವದು. ಕೋಡಿಯಲ್ಲಿ ಒಂದು ಕಡ್ಡಿಯೂ ಇರಕೂಡದು. ಜಿನುಗುವ ನೀರನ್ನು ಮಳೆಗಾಲದಲ್ಲಿ ದಿನಾಲು ಗಾಜಿನ ಲೋಟದಲ್ಲಿ ಹಿಡಿದು ನೋಡಿ, ಅದರ ಬಣ್ಣವನ್ನೂ ಪ್ರಮಾಣವನ್ನೂ ವಹಿಯಲ್ಲಿ ಬರೆದಿಡುವದು. ಈ ವಹಿ ನನ್ನ ಪಾಲಿಗೆ ಬಂದಿದೆ.

ಇಂಥ ಒಡ್ಡುಗಳನ್ನು ಸರಕಾರದವರು ನೋಡಿಕೊಳ್ಳುವರೆಂದು ತಿಳಿಯಬೇಡಿರಿ. 2021ರ ಅಣೆಕಟ್ಟು ಸುರಕ್ಷತಾ ಕಾಯದೆಯು 10 ಮೀಟರಿಗಿಂತ ಗಿಡ್ಡವಾದ ಒಡ್ಡುಗಳಿಗೆ ಅನ್ವಯಿಸುವದಿಲ್ಲ. ನಮ್ಮ ಪೂರ್ವಿಕರು ಕೆರೆ ಕಟ್ಟಿಸಿ ಅಷ್ಟಕ್ಕೇ ಬಿಡದೆ, ಅದರ ದುರಸ್ತಿಗಾಗಿ ಬಿತ್ತುವಟ್ಟವೆಂಬ ಹೆಸರಿನಿಂದ ಭೂಮಿ ಬಿಟ್ಟುದನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ಕಟ್ಟುವದು ಒಂದು ವರ್ಷದ ಕೆಲಸ, ಕಾಯುವದು ಪ್ರತಿ ವರ್ಷದ್ದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಸೋದರಿಯರೇ, ನಿಮ್ಮಲ್ಲಿ ಯಾರ ಹೊಲದಲ್ಲಾದರೂ ಇಂಥ ಚಿಕ್ಕ ಕೆರೆಯಿದ್ದರೆ, ಮಳೆಗಾಲಕ್ಕೆ ಮೊದಲು ಒಮ್ಮೆ ಒಡ್ಡಿನ ಬುಡದಗುಂಟ ನಡೆದು ನೋಡಿರಿ. ಕೆಳಗಿರುವ ಮನೆಗಳನ್ನು ಎಣಿಸಿರಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಸ್ವಲ್ಪ ಹೊತ್ತು ನೀರಿಗೆ ಬೆನ್ನು ಮಾಡಿ ಕೂಡ್ರಿಸಿರಿ. ನಮ್ಮ ಬಾಯಿಯವರು ಕಲಿಸಿದ ಪಾಠವನ್ನು ತಡವಾಗಿಯಾದರೂ ಒಪ್ಪಿಸಿದ ಸಮಾಧಾನ ಇಂದು ನನಗಿದೆ.