ಸಮುದ್ರದ ಕಾವಲು

ಅಕ್ಕಾರ, ನನ್ನ ಮಗ ಕಂಪ್ಯೂಟರಿನ್ಯಾಗ ಅಟ್ಲಾಂಟಿಕ್ ಯುದ್ಧದ ಆಟ ಆಡ್ತಾನ. ಏನರ ಕೇಳಿದ್ರ "ನಿನಗ ತಿಳ್ಯಂಗಿಲ್ಲವ್ವಾ" ಅಂತಿದ್ದ. ಮೊನ್ನಿ ವಿಮಾನಾನೆಲ್ಲಾ ಸಮುದ್ರದ ತುಂಬ ಹರವಿದ. ಒಂದೂ ಸಬ್‌ಮರೀನ್ ಸಿಗಲಿಲ್ಲ, ಹಡಗು ಮುಳುಗಿದ್ವು.

"ಅವು ಮ್ಯಾಲ ಯಾಕ ಬರ್ತಾವಪಾ?" ಅಂದೆ.

"ಬ್ಯಾಟರಿ ಚಾರ್ಜ್ ಮಾಡಾಕ. ನೀರೊಳಗ ಭಾಳ ಸಾವಕಾಶ ಹೋಗ್ತಾವ."

"ಹಂಗಾರ ಹಡಗಿನ ಗುಂಪಿನ ಸುತ್ತಾನ ವಿಮಾನ ಇಡು. ಹೆದರಿ ಮುಳುಗಿದ್ರ ಹಿಂದ ಉಳೀತಾವಲ್ಲ."

ಹಡಗು ಉಳದ್ವು! 1943ರಾಗ ದೂರ ಹಾರೋ ಲಿಬರೇಟರ್ ವಿಮಾನ ಬಂದು ನಡುಗಡಲಿಗೂ ಖರೇನ ಇಂಥಾ ಕಾವಲು ಸಿಕ್ಕಿತ್ತು. 1942ರಿಂದ ಲಿವರ್‌ಪೂಲ್‌ನ್ಯಾಗ ನೌಕಾದಳದ ಹುಡುಗ್ಯಾರು, ನಾವು ರಂಗೋಲಿ ಹಾಕಿದಂಗ, ನೆಲದ ಮ್ಯಾಲ ಸೀಮೆಸುಣ್ಣದಿಂದ ಹಡಗಿನ ದಾರಿ ಬರದು, ಅಧಿಕಾರಿಗಳಿಗೆ ಸಬ್‌ಮರೀನ್ ಬೇಟೆ ಕಲಿಸ್ತಿದ್ರು.

ಈಗ ಮಗ ತಾನ ನನಗೊಂದು ಕುರ್ಚಿ ಎಳದು ಇಡ್ತಾನ.