ನೋಡಿದ್ದಕ್ಕೆ ಎಷ್ಟು ಕೊಡಬೇಕು?

ರೋಣ, ನರಗುಂದ, ಗಜೇಂದ್ರಗಡ... ಪೇಪರಿನಲ್ಲಿ ಈ ಹೆಸರು ಬಂದರೆ ಹೆಚ್ಚಾಗಿ ಬರಗಾಲದ ಸುದ್ದಿ, ಇಲ್ಲಾ ಮಲಪ್ರಭಾ ಕಾಲುವೆ, ಇಲ್ಲಾ ಮಹದಾಯಿ. ನಮ್ಮ ಮನೆಯಲ್ಲಿ ಮಾತ್ರ ಈ ಮೂರೂ ಊರು ಅಂದರೆ ಅಪ್ಪನ ಗಾಡಿ ಓಡೋ ದಾರಿ. ಗಜೇಂದ್ರಗಡದ ನೇಕಾರರ ಹತ್ತಿರ ಸೀರೆ ತರೋದು, ರೋಣದ ಮನೆಯಲ್ಲಿ ಗಂಟು ಕಟ್ಟೋದು, ನರಗುಂದದ ಕಡೆ ಹಳ್ಳಿಗಳಲ್ಲಿ ಮಾರೋದು. ನನ್ನ ಇಂಜಿನಿಯರಿಂಗ್ ಫೀಜು ಕೂಡ ಈ ಗಂಟಿನಿಂದಲೇ ಬಂದದ್ದು.

ಗಾಡಿ ಹಳೇ ಸ್ಪ್ಲೆಂಡರ್. ಸೆಲ್ಫ್ ಇಲ್ಲ, ಕಿಕ್ಕೇ ಗತಿ. ಮಳೆಗಾಲ ಶುರುವಾದ ಮೇಲೆ ಅವ್ವನ ಫೋನಿನಲ್ಲಿ ಒಂದೇ ಮಾತು: "ಒದ್ದು ಒದ್ದು ಮೊಣಕಾಲ ಹಿಡಕೊಂಡು ಕುಂತಾರ ನಿಮ್ಮಪ್ಪ. ಹೊಸಾದು ತಗೋರಿ ಅಂದ್ರ ಕೇಳವಲ್ರು." ಎರಡು ತಿಂಗಳಲ್ಲಿ ಎರಡು ಸಲ ಕಾರ್ಬೊರೇಟರ್ ಕ್ಲೀನು, ಹೊಸ ಪ್ಲಗ್ಗು, ಮೇಲೆ ಹೊಸ ಬ್ಯಾಟರಿ. ಬ್ಯಾಟರಿ ಸತ್ತರೂ ಕಿಕ್ಕಿಗೆ ಸ್ಟಾರ್ಟ್ ಆಗೋ ಗಾಡಿ ಅದು, ಅದಕ್ಕೆ ಬ್ಯಾಟರಿ ಯಾಕೆ ಹಾಕಿದರೋ ಆ ಶಿವನಿಗೇ ಗೊತ್ತು! ಪ್ರತಿ ಸಲವೂ ಒಂದು ವಾರ ಚೆನ್ನಾಗಿರೋದು, ಆಮೇಲೆ ಅದೇ ರಾಗ. ಜೊತೆಗೆ ಓಡುವಾಗ ಹಿಂದಿನಿಂದ ಕಟಕಟ ಸದ್ದು ಬೇರೆ. ಕೊನೆಗೆ ಒಂದು ಗ್ಯಾರೇಜಿನವರು ಕೈಯೆತ್ತಿ, "ಎಂಜಿನ್ ಕೆಲಸ ಐತಿ. ಬೋರು, ಪಿಸ್ಟನ್ನು, ಕ್ಲಚ್ ಪ್ಲೇಟು, ಟೈಮಿಂಗ್ ಚೈನು..." ಅಂತ ಚೀಟಿ ಬರೆದು ಕೊಟ್ಟರು. ಒಟ್ಟು 9,200 ರೂಪಾಯಿ. ಅಪ್ಪ ಆ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಮೂರು ತಿಂಗಳ ಲಾಭ ಅದು. ಅಷ್ಟು ಕೊಡೋದಾ, ಗಾಡಿ ಮಾರಿ ಧಂದೆಯನ್ನೇ ಬಿಡೋದಾ ಅನ್ನೋ ಲೆಕ್ಕ ತಲೆಯಲ್ಲಿ.

ನಾನು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಿಂದ ಊರಿಗೆ ಬಂದೆ. ಶನಿವಾರ ಹೆಂಗೋ ಸ್ಟಾರ್ಟ್ ಮಾಡಿ (ಎಣಿಸಿದೆ, 23 ಕಿಕ್ಕು) ಅಪ್ಪನನ್ನು ಕೂರಿಸಿಕೊಂಡು ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ, ನಾವು ಚಾಚಾ ಅಂತೀವಿ. ಒಂದು ತಗಡಿನ ಶೆಡ್ಡು, ಬೋರ್ಡಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಶೆಡ್ಡಿನ ಬಾಗಿಲಿಂದಲೇ ಕಾಣುತ್ತವೆ.

ಚಾಚಾ ಸ್ಪ್ಯಾನರ್ ಮುಟ್ಟಲೇ ಇಲ್ಲ. "ನೀವು ಓಡಸ್ರಿ ತಮ್ಮಾ, ನಾ ಹಿಂದ ಕೂಡ್ತೀನಿ" ಅಂದರು. ಸ್ವಲ್ಪ ಸ್ಪೀಡ್ ಬಂದ ಮೇಲೆ "ಕ್ಲಚ್ ಹಿಡಿರಿ, ರೇಸ್ ಬಿಡ್ರಿ" ಅಂದರು. ಎಂಜಿನ್ ಸುಮ್ಮನಾಯಿತು, ಕಟಕಟ ನಿಲ್ಲಲಿಲ್ಲ. ಆಮೇಲೆ ಎಂಜಿನ್ ಬಂದ್ ಮಾಡಿಸಿ ಗಾಡಿ ತಳ್ಳಿಸಿದರು. ಆಗಲೂ ಅದೇ ಸದ್ದು. "ಎಂಜಿನ್ ಬಂದ್ ಇದ್ರೂ ಬರೂ ಸದ್ದಿಗೆ ಎಂಜಿನ್ ಯಾಕ ಬಿಚ್ಚಬೇಕು?" ಐದು ನಿಮಿಷದಲ್ಲಿ ಅರ್ಧ ಸಮಸ್ಯೆ ಪಕ್ಕಕ್ಕೆ! ನಾವು ಆಫೀಸಿನಲ್ಲಿ ಬಗ್ ಹುಡುಕುವಾಗ ಒಂದೊಂದೇ ಮಾಡ್ಯೂಲ್ ಬಂದ್ ಮಾಡಿ ನೋಡ್ತೀವಲ್ಲ, ಥೇಟ್ ಅದೇ.

ಸ್ಪ್ಲೆಂಡರ್ ಚೈನಿಗೆ ಪೂರ್ತಿ ಕವರ್ ಇರುತ್ತದೆ, ಹೊರಗಿನಿಂದ ಏನೂ ಕಾಣೋದಿಲ್ಲ. ಬಿಚ್ಚಿದರೆ ಒಳಗೆ ನಮ್ಮ ಎರಿ ಮಣ್ಣು ಗ್ರೀಸಿನ ಜೊತೆ ಕಲಸಿ ಅಂಟಾಗಿತ್ತು. ಅದು ಚೈನನ್ನು ಮಸೆಗಲ್ಲಿನ ಹಾಗೆ ಸವೆಸುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸಿದರೆ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಕುಡುಗೋಲಿನ ಹಾಗೆ ಬಾಗಿದ್ದವು. ಚೈನನ್ನು ಹಿಂದಕ್ಕೆ ಎಳೆದರೆ ಅರ್ಧ ಹಲ್ಲು ಹೊರಗೆ ಕಾಣುತ್ತಿತ್ತು. ಹಬ್ಬಿನೊಳಗಿನ ರಬ್ಬರೂ ಹರಿದಿತ್ತು. ಸೀರೆ ಗಂಟಿನ ಭಾರ ಅಲ್ವಾ.

ಇನ್ನು ಸ್ಟಾರ್ಟಿಂಗ್ ವಿಷಯ. "ಬಿಸಿ ಗಾಡಿ ಸುಳ್ಳ ಹೇಳ್ತೈತಿ. ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ" ಅಂದರು.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋದೆವು. ತಣ್ಣಗಿದ್ದ ಗಾಡಿಯ ಕಿಕ್ಕನ್ನು ಚಾಚಾ ಕೈಯಿಂದಲೇ ನಿಧಾನಕ್ಕೆ ಒತ್ತಿದರು. ನಡುವೆ ಬಂದು ಗಟ್ಟಿಯಾಗಿ ತಡೆಯಿತು. "ಕಂಪ್ರೆಶನ್ ಐತಿ. ಸೈಲೆನ್ಸರಿನಾಗ ನೀಲಿ ಹೊಗಿನೂ ಇಲ್ಲ. ಬೋರಿಗೆ ಏನೂ ಆಗಿಲ್ಲ." ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರು, ನೀಲಿ ಕಿಡಿ ಚೆನ್ನಾಗಿ ಬಂತು. ಆದರೆ ಅಷ್ಟು ಕಿಕ್ ಹೊಡೆದರೂ ಪ್ಲಗ್ ಒಣಗಿಯೇ ಇತ್ತು. ಅಂದರೆ ಪೆಟ್ರೋಲೇ ಒಳಗೆ ಹೋಗ್ತಿಲ್ಲ. ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿದರು. ಐದು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ನೀರು, ಅದರಲ್ಲಿ ತುಕ್ಕಿನ ಪುಡಿ!

ಮೂಲ ಎಲ್ಲಿತ್ತು ಗೊತ್ತಾ? ಟ್ಯಾಂಕಿನ ಮುಚ್ಚಳದ ರಬ್ಬರು ಹೋಗಿತ್ತು. ಮಳೆ ನೀರು ಟ್ಯಾಂಕಿಗೆ ಇಳಿದು, ತುಕ್ಕು ಹಿಡಿದು, ಅದು ಕಾರ್ಬೊರೇಟರಿನ ಸಣ್ಣ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎರಡು ಸಲ ಕಾರ್ಬೊರೇಟರ್ ತೊಳೆದವರು ಮೇಲಿನ ಟ್ಯಾಂಕು ನೋಡಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದಕ್ಕೆ ನೀರು ಅಂದರೆ ಪ್ರೀತಿ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರಿಗೆ ಹೋಗೋದೂ ಆ ತಳದ್ದೇ.

ಬಿಲ್ಲು ಹೀಗಿತ್ತು: ಚೈನ್ ಮತ್ತು ಎರಡು ಸ್ಪ್ರಾಕೆಟ್ಟಿನ ಸೆಟ್ 1,240. ಹಬ್ ರಬ್ಬರು 160. ಮುಚ್ಚಳದ ರಬ್ಬರು ಮತ್ತು ಪೆಟ್ರೋಲ್ ಕಾಕಿನ ಜಾಳಿಗೆ 110. ಟ್ಯಾಂಕ್ ತೊಳೆದದ್ದೂ ಸೇರಿ ಕೂಲಿ 350. ಒಟ್ಟು 1,860 ರೂಪಾಯಿ. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು. ಅಪ್ಪ ಜೇಬಿನಿಂದ ಆ ಹಳೇ ಚೀಟಿ ತೆಗೆದು ಹರಿದು ಹಾಕಿದರು. ಏನೂ ಮಾತಾಡಲಿಲ್ಲ.

"ಚಾಚಾ, ನೋಡಿದ್ದಕ್ಕ ಎಷ್ಟು?" ಅಂತ ಕೇಳಿದೆ.

"ನೋಡಿದ್ದಕ್ಕ ಯಾರರೆ ರೊಕ್ಕ ತಗೋತಾರೇನ್ರಿ ತಮ್ಮಾ?" ಅಂತ ನಕ್ಕರು.

ನನಗೆ ತಲೆ ಕೆಟ್ಟದ್ದು ಇಲ್ಲೇ. ಎರಡು ದಿನ ಬಗ್ ಹುಡುಕಿ ಒಂದು ಸಾಲು ಬದಲಿಸಿದರೂ ನಮ್ಮ ಕಂಪನಿ ಎರಡು ದಿನದ ಬಿಲ್ಲೇ ಹಾಕುತ್ತದೆ. ಚಾಚಾ ಬಿಚ್ಚಿ ಹಾಕಿದ್ದಕ್ಕೆ ಮಾತ್ರ ತಗೊಂಡರು, ನಿಜವಾದ ಕೆಲಸ ಅದಕ್ಕೆ ಮೊದಲೇ ಮುಗಿದಿತ್ತು. "ಎಂಜಿನ್ನಿಗೆ ಏನೂ ಆಗಿಲ್ಲ" ಅನ್ನುವವನಿಗೆ ಸೊನ್ನೆ, ಸುಮ್ಮನೆ ಬೋರು ಬದಲಿಸುವವನಿಗೆ ಸಾವಿರಗಟ್ಟಲೆ. ಸಾಮಾನಿಗೆ ಮಾತ್ರ ದುಡ್ಡು ಕೊಡ್ತೀವಿ ಅಂತ ನಾವು ಹಟ ಹಿಡಿದರೆ, ಗ್ಯಾರೇಜಿನವರು ಸಾಮಾನು ಬದಲಿಸೋದೇ ಕಲಿಯುತ್ತಾರೆ, ಅಷ್ಟೇ. ಅದರ ಮೇಲೆ 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು, ಹೊಸ ಗಾಡಿಗಳಲ್ಲಿ ಬಹುತೇಕ ಕಾರ್ಬೊರೇಟರೇ ಇಲ್ಲ. "ಅವಕ್ಕ ಕಂಪ್ಯೂಟರ್ ಹಚ್ಚಿ ನೋಡ್ತಾರ. ನನ್ನ ಹತ್ರ ಇರೂದು ಕಿವಿ ಒಂದ" ಅಂದರು ಚಾಚಾ. ಮಗ ಈ ಕೆಲಸಕ್ಕೆ ಬಂದಿಲ್ಲವಂತೆ. ಹೆಂಗೆ ಬರ್ತಾನೆ ಹೇಳಿ?

ನಾನು 500 ರೂಪಾಯಿ ಬೇರೆಯಾಗಿ ಇಟ್ಟೆ. ಚಾಚಾ ಬೇಡವೇ ಬೇಡ ಅಂದರು. ಕೊನೆಗೆ ಅಪ್ಪನೇ "ಇಟಗೋರಿ. ಇದು ಸಾಮಾನಿಂದಲ್ಲ, ಕಿವಿದು" ಅಂದ ಮೇಲೆ ತಗೊಂಡರು.

ನಿಮ್ಮ ಗಾಡಿಯೂ ಹಿಂಗೇ ಕಾಟ ಕೊಡ್ತಿದ್ದರೆ, ಮೊದಲು ತಣ್ಣಗಿದ್ದಾಗ ತೋರಿಸಿ. ಕ್ಲಚ್ ಹಿಡಿದು ಸದ್ದು ಕೇಳಿ. ಚೈನು ಬದಲಿಸಿದರೆ ಎರಡೂ ಸ್ಪ್ರಾಕೆಟ್ ಜೊತೆಗೇ ಬದಲಿಸಿ, ಇಲ್ಲಾಂದ್ರೆ ಹಳೇ ಹಲ್ಲು ಹೊಸ ಚೈನನ್ನು ತಿಂದು ಹಾಕ್ತದೆ. ಆಮೇಲೆ, ಮಿಸ್ತ್ರಿ "ಏನೂ ಆಗಿಲ್ರಿ, ಹೋಗ್ರಿ" ಅಂದರೆ ಖುಷಿಯಿಂದ ಕಿಕ್ ಹೊಡೆದು ಹೊರಡೋ ಮೊದಲು ಅವರ ಕೈಗೆ ನೂರು ರೂಪಾಯಿ ಇಡಿ. ಆ ಒಂದು ಮಾತು ನಿಮಗೆ ಎಷ್ಟು ಉಳಿಸಿತು ಅಂತ ದಾರಿಯಲ್ಲಿ ಲೆಕ್ಕ ಹಾಕಿಕೊಳ್ಳಿ.