ಸೆಣಬಿನ ದೇವಿ

ವೆನಿಸ್, ಜೂನ್ 2022

ಪ್ರೀತಿಯ ಅಕ್ಕ,

ದೋಣಿ, ಸೇತುವೆ, ಚರ್ಚುಗಳ ಫೋಟೋಗಳನ್ನೆಲ್ಲ ವಾಟ್ಸ್ಯಾಪಿನಲ್ಲಿ ನೋಡಿದ್ದೀಯಲ್ಲ, ಅದನ್ನೇ ಮತ್ತೆ ಬರೆಯುವುದಿಲ್ಲ. ಇಲ್ಲಿಯ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಮೃಣಾಲಿನಿ ಮುಖರ್ಜಿಯವರ ‘ರುದ್ರ’, ‘ದೇವಿ’, ‘ವನಶ್ರೀ’ಯನ್ನು ಕಂಡೆ. ನಿನಗೆ ಹೇಳದೆ ನಿದ್ದೆ ಬರುವಂತಿಲ್ಲ.

ಬಣ್ಣ ಹಾಕಿದ ಸೆಣಬಿನ ಹಗ್ಗಕ್ಕೆ ಕೈಯಲ್ಲೇ ಗಂಟು ಹಾಕುತ್ತ ಹಾಕುತ್ತ ಕಟ್ಟಿದ ಮೂರ್ತಿಗಳು. ಮಗ್ಗವಿಲ್ಲ, ಮೊದಲೇ ಬರೆದುಕೊಂಡ ನಕ್ಷೆಯೂ ಇಲ್ಲ. ನೀನು ಹಿಂದೆ ಮ್ಯಾಕ್ರಮೆ ಕಲಿತು ಹೂಕುಂಡಕ್ಕೆ ತೂಗುಬಲೆ ಹೆಣೆದಿದ್ದೆಯಲ್ಲ, ಗಂಟು ಅದೇ ಜಾತಿಯದು. ಹತ್ತಿರ ಹೋದರೆ ಹಗ್ಗದ ನವಿರು ಎಳೆಗಳು ಮೈಮೇಲಿನ ರೋಮದ ಹಾಗೆ ಎದ್ದು ನಿಂತಿವೆ. ಸಾಲು ಸಾಲು ಗಂಟು ದಪ್ಪ ಮಡಿಕೆಯಾಗಿ ಹೊರಳಿ ಒಳಕ್ಕೆ ಹೋಗುತ್ತದೆ. ಅದು ಹೂವಿನ ಎಸಳೋ, ತುಟಿಯೋ, ಯೋನಿಯೋ ಎಂದು ಬಿಡಿಸಿ ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ನಾವು ದೇವಿಗೆ ಸೀರೆ ಉಡಿಸುತ್ತೇವೆ. ಇಲ್ಲಿ ನಾರೇ ದೇವಿಯ ಮೈಯಾಗಿದೆ. ನನಗೆ ತಾನಾಗಿ ಕೈಮುಗಿಯುವಂತಾಯಿತು ಕಣೇ.

ಮೃಣಾಲಿನಿ 1949ರಲ್ಲಿ ಮುಂಬೈಯಲ್ಲಿ ಹುಟ್ಟಿದವರು, ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರ ಮಗಳು. ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತರು. ಹಗ್ಗದ ಕೆಲಸವೆಂದರೆ ಬರೀ ಕೈಕಸುಬು ಎಂದು ಬದಿಗಿಡುವವರ ನಡುವೆ ದಶಕಗಟ್ಟಲೆ ಸೆಣಬನ್ನು ಹಿಡಿದುಕೊಂಡರು. 2015ರಲ್ಲಿ ದೆಹಲಿಯಲ್ಲಿ ಅವರು ಬದುಕಿಡೀ ಮಾಡಿದ ಕೆಲಸದ ಪ್ರದರ್ಶನ ಶುರುವಾದ ಬೆನ್ನಿಗೇ ತೀರಿಕೊಂಡರು. ಇಲ್ಲಿ ಜನ ನಿಂತು ನಿಂತು ನೋಡುವುದನ್ನು ಅವರೂ ಕಾಣಬೇಕಿತ್ತು ಅನ್ನಿಸಿ ಸಂಕಟವಾಯಿತು.

ಈ ಬಿಯೆನಾಲೆಯ ಒಂದು ಪಾಲು ಕೋರ್ದೆರಿಯೆ ಎಂಬ ಕಟ್ಟಡದಲ್ಲಿದೆ. 300 ಮೀಟರಿಗೂ ಹೆಚ್ಚು ಉದ್ದ. ವೆನಿಸ್ಸಿನ ಹಡಗುಗಳಿಗೆ ಸೆಣಬಿನ ಹಗ್ಗ ಹೊಸೆಯುತ್ತಿದ್ದದ್ದು ಅಲ್ಲಿಯೇ. ಆ ಉದ್ದಕ್ಕೂ ನಡೆಯುವಾಗ ಹಗ್ಗ ಹೊಸೆದವರ ಕೈಗಳು ಹೇಗಿದ್ದವೋ ಎಂದುಕೊಂಡೆ.

ಮೃಣಾಲಿನಿಯವರ ‘ದೇವಿ’ಯನ್ನು ನೋಡುವಾಗ ನೆನಪಾದವಳು ಬಾದಾಮಿ ಮ್ಯೂಸಿಯಮ್ಮಿನ ಲಜ್ಜಾಗೌರಿ. ನಿನಗೆ ನೆನಪಿದ್ದಾಳಾ? ನಾಗನಾಥಕೊಳ್ಳದಲ್ಲಿ ಸಿಕ್ಕವಳು. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಗೆ ಕೂತಂತೆ ಅಗಲಿಸಿದ ಕಾಲು. ಹೂವೂ ಹೆಣ್ಣಿನ ಮೈಯೂ ಒಂದೇ ದೇವತೆಯಾಗುವುದು ನಮ್ಮ ಊರಿನ ಕಲ್ಲಿಗೂ ಗೊತ್ತಿತ್ತು. ಅಮ್ಮ ಮಾತ್ರ ಅವಳ ಮುಂದೆ ನಿಲ್ಲಗೊಡದೆ ನಮ್ಮಿಬ್ಬರನ್ನೂ ದರದರ ಎಳೆದುಕೊಂಡು ಹೋಗಿದ್ದಳು. ದಸರಾ ರಜೆಗೆ ಬಂದಾಗ ನಿನ್ನ ಮಗಳನ್ನೂ ಕರೆದುಕೊಂಡು ಬಾದಾಮಿಗೆ ಹೋಗೋಣ. ಅವಳು ಏನು ಕೇಳಿದರೂ ನಾಚದೆ ಉತ್ತರ ಹೇಳಬೇಕು, ನೀನೂ ನಾನೂ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ